ಕ್ಯಾರವಾನ್ ಮಾಲೀಕರ ಕೈಪಿಡಿ: ಬಿಸಿಲು, ನೆರೆ, ಉಪ್ಪುಗಾಳಿಯಿಂದ ಗಾಡಿ ಉಳಿಸಿಕೊಳ್ಳುವುದು ಹೇಗೆ? ಇಲ್ಲಿದೆ ಸಂಪೂರ್ಣ ಮಾಹಿತಿ

ಅಹಮದಾಬಾದ್: ಎಂಜಿನ್ ಇಲ್ಲ, ಗೇರ್ ಬಾಕ್ಸ್ ಇಲ್ಲ, ಆಯಿಲ್ ಬದಲಿಸುವ ಗೋಜಿಲ್ಲ. ಹಾಗಿದ್ದ ಮೇಲೆ ಕಾರಿನ ಹಿಂದೆ ಎಳೆದೊಯ್ಯುವ ಕ್ಯಾರವಾನ್‌ಗೆ ಸರ್ವಿಸ್ ಯಾಕೆ? ಹೊಸದಾಗಿ ಟ್ರಾವೆಲ್ ಟ್ರೇಲರ್ ಕೊಂಡವರು ತಪ್ಪುವುದು ಈ ಲೆಕ್ಕಾಚಾರದಲ್ಲೇ. ವರ್ಷದಲ್ಲಿ ಕೆಲವೇ ವಾರ ರಸ್ತೆಗಿಳಿಯುವ ಗಾಡಿ ಉಳಿದ ದಿನವೆಲ್ಲ ಮನೆ ಮುಂದೆಯೋ, ಸೊಸೈಟಿಯ ಪಾರ್ಕಿಂಗ್‌ನಲ್ಲೋ ನಿಂತಿರುತ್ತದೆ. ಓಡುವಾಗ ಆಗುವ ಸವೆತಕ್ಕಿಂತ ಹೀಗೆ ನಿಂತಾಗ ಆಗುವ ಹಾನಿಯೇ ಹೆಚ್ಚು.

ಇದಕ್ಕೆ ಗುಜರಾತ್‌ನ ಮೂರು ದೊಡ್ಡ ನಗರಗಳು ಒಳ್ಳೆಯ ಉದಾಹರಣೆ. ಅಹಮದಾಬಾದ್‌ನಲ್ಲಿ ಬಿಸಿಲು, ವಡೋದರಾದಲ್ಲಿ ನೆರೆ, ಸೂರತ್‌ನಲ್ಲಿ ಉಪ್ಪುಗಾಳಿ. ಮೂರೂ ನಗರಗಳು ರಾಷ್ಟ್ರೀಯ ಹೆದ್ದಾರಿ 48ರ ಮೇಲಿವೆ. ಇದೇ ಹೆದ್ದಾರಿ ಮುಂದೆ ಮುಂಬೈ, ಪುಣೆ ದಾಟಿ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರು ಮಾರ್ಗವಾಗಿ ಬೆಂಗಳೂರಿಗೆ ಬರುತ್ತದೆ. ಗುಜರಾತ್‌ನಲ್ಲಿ ಕೆಲಸದಲ್ಲಿರುವ ಕನ್ನಡಿಗರು ಊರಿಗೆ ಬರುವುದಿರಲಿ, ಕರ್ನಾಟಕದಿಂದ ಗುಜರಾತ್ ಪ್ರವಾಸ ಹೊರಡುವುದಿರಲಿ, ಕ್ಯಾರವಾನ್ ಇದ್ದವರಿಗೆ ಇದೇ ದಾರಿ.

ಗಾಡಿಯನ್ನು ಸುಸ್ಥಿತಿಯಲ್ಲಿಡುವುದು ಹೇಗೆ, ಯಾವ ಅಪ್‌ಗ್ರೇಡ್ ಬೇಕು, ಯಾವುದು ಬೇಡ, ಕಾನೂನು ಏನು ಹೇಳುತ್ತದೆ ಎಂಬ ವಿವರ ಇಲ್ಲಿದೆ.

ಟ್ರಾವೆಲ್ ಟ್ರೇಲರ್ ಎಂದರೇನು?

ಮಲಗುವ ಜಾಗ, ಅಡುಗೆ ಕಟ್ಟೆ, ನೀರಿನ ಟ್ಯಾಂಕ್, ಕೆಲವದರಲ್ಲಿ ಶೌಚಾಲಯವೂ ಇರುವ, ಸ್ವಂತ ಎಂಜಿನ್ ಇಲ್ಲದ ಗಾಡಿಯೇ ಟ್ರಾವೆಲ್ ಟ್ರೇಲರ್. ಕಾರು ಅಥವಾ ಎಸ್‌ಯುವಿಯ ಹಿಂಭಾಗದ ಹಿಚ್‌ಗೆ ಸಿಕ್ಕಿಸಿ ಇದನ್ನು ಎಳೆದೊಯ್ಯಲಾಗುತ್ತದೆ. ಎಂಜಿನ್ ಇರುವ ವ್ಯಾನನ್ನೇ ಮನೆಯಂತೆ ಮಾಡಿಕೊಂಡರೆ ಅದು ಮೋಟಾರ್ ಕ್ಯಾರವಾನ್ ಅಥವಾ ಕ್ಯಾಂಪರ್ ವ್ಯಾನ್.

ಭಾರತದಲ್ಲಿ ಹೆಚ್ಚಾಗಿ ಕಾಣುವುದು ಎರಡನೆಯ ಬಗೆ. ಕೇರಳ ಸರ್ಕಾರ 2021ರಲ್ಲಿ ‘ಕೇರವಾನ್ ಕೇರಳ’ ಯೋಜನೆ ಆರಂಭಿಸಿದ ನಂತರ ಈ ಬಗೆಯ ಪ್ರವಾಸದ ಹೆಸರು ಹೆಚ್ಚು ಕೇಳಿಬರತೊಡಗಿತು. ಛಾವಣಿ, ಗ್ಯಾಸ್, ಬ್ಯಾಟರಿ, ನೀರಿನ ವ್ಯವಸ್ಥೆ ಎರಡರಲ್ಲೂ ಒಂದೇ ಆಗಿರುವುದರಿಂದ ಇಲ್ಲಿನ ಬಹುತೇಕ ಮಾಹಿತಿ ಎರಡಕ್ಕೂ ಅನ್ವಯಿಸುತ್ತದೆ.

ಅಹಮದಾಬಾದ್: ಬಿಸಿಲಿನಿಂದ ಏನೇನು ಹಾಳಾಗುತ್ತದೆ?

2016ರ ಮೇ 20ರಂದು ಅಹಮದಾಬಾದ್‌ನಲ್ಲಿ 48 ಡಿಗ್ರಿ ಸೆಲ್ಸಿಯಸ್ ತಾಪಮಾನ ದಾಖಲಾಗಿತ್ತು. ಬಿಸಿಗಾಳಿ ಎದುರಿಸಲು 2013ರಲ್ಲೇ ಕ್ರಿಯಾಯೋಜನೆ ರೂಪಿಸಿಕೊಂಡ ನಗರವಿದು. ಇಂಥ ಬಿಸಿಲಿನಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕ್ಯಾರವಾನ್‌ನ ಒಳಗಿನ ಸೆಕೆ ಹೊರಗಿಗಿಂತಲೂ ಹೆಚ್ಚಿರುತ್ತದೆ.

ಟೈರ್: ಥ್ರೆಡ್ ಚೆನ್ನಾಗಿದೆ ಎಂದ ಮಾತ್ರಕ್ಕೆ ಟೈರ್ ಚೆನ್ನಾಗಿದೆ ಎಂದಲ್ಲ. ಟ್ರೇಲರ್ ಟೈರ್ ಸವೆಯುವ ಮೊದಲೇ ಮುದಿಯಾಗುತ್ತದೆ. ಬಿಸಿಲಿಗೆ ಪಕ್ಕದ ರಬ್ಬರ್‌ನಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತವೆ. ಟೈರಿನ ಬದಿಯಲ್ಲಿ ಅಚ್ಚೊತ್ತಿರುವ ನಾಲ್ಕು ಅಂಕಿಗಳನ್ನು ನೋಡಿ. 2321 ಎಂದಿದ್ದರೆ 2021ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ ತಜ್ಞರಿಂದ ತಪಾಸಣೆ ಮಾಡಿಸಿ, ಏಳು ವರ್ಷದೊಳಗೆ ಬದಲಿಸುವುದು ಸುರಕ್ಷಿತ. ಸ್ಟೆಪ್ನಿಗೂ ಇದೇ ನಿಯಮ.

ಗಾಳಿಯ ಒತ್ತಡವನ್ನು ಬೆಳಗ್ಗೆ, ಟೈರ್ ತಣ್ಣಗಿರುವಾಗಲೇ ನೋಡಬೇಕು. ತಾಪಮಾನ ಸುಮಾರು 5.5 ಡಿಗ್ರಿ ಏರಿದರೆ ಒತ್ತಡ 1 ಪಿಎಸ್‌ಐನಷ್ಟು ಏರುತ್ತದೆ. ಮಧ್ಯಾಹ್ನ ಹೆದ್ದಾರಿಯಲ್ಲಿ ನಿಲ್ಲಿಸಿ, ಒತ್ತಡ ಹೆಚ್ಚಿದೆ ಎಂದು ಗಾಳಿ ಬಿಟ್ಟರೆ ಟೈರ್ ಮತ್ತಷ್ಟು ಬಿಸಿಯಾಗಿ ಸಿಡಿಯುವ ಅಪಾಯವಿದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟೈರ್‌ಗಳಿಗೆ ಬಿಳಿ ಬಟ್ಟೆಯ ಹೊದಿಕೆ ಹಾಕಿ, ತಿಂಗಳಿಗೊಮ್ಮೆ ಗಾಡಿಯನ್ನು ಸ್ವಲ್ಪ ಮುಂದೆ ಸರಿಸಿ.

ಬ್ಯಾಟರಿ: ಲೆಡ್ ಆಸಿಡ್ ಬ್ಯಾಟರಿಗೆ 25 ಡಿಗ್ರಿ ಹಿತವಾದ ತಾಪಮಾನ. ಅಲ್ಲಿಂದ ಸರಾಸರಿ 10 ಡಿಗ್ರಿ ಹೆಚ್ಚಾದರೆ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ರೂಢಿಯ ಲೆಕ್ಕ. ಬ್ಯಾಟರಿ ಪೆಟ್ಟಿಗೆಗೆ ಗಾಳಿಯಾಡುವ ಕಿಂಡಿ ಇರಲಿ. ಡಿಸ್ಟಿಲ್ಡ್ ವಾಟರ್ ಮಟ್ಟವನ್ನು ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ನೋಡಿ.

ಛಾವಣಿ: ಅಹಮದಾಬಾದ್‌ನಲ್ಲಿ 2017ರಿಂದ ಮನೆಗಳ ಮಾಳಿಗೆಗೆ ಬಿಸಿಲನ್ನು ಹಿಂದಕ್ಕೆ ಹೊಡೆಯುವ ಬಿಳಿ ಬಣ್ಣ ಬಳಿಯುವ ‘ಕೂಲ್ ರೂಫ್’ ಕಾರ್ಯಕ್ರಮ ನಡೆದಿದೆ. ಕ್ಯಾರವಾನ್‌ಗೂ ಇದೇ ಉಪಾಯ ಅತ್ಯಂತ ಅಗ್ಗದ ಅಪ್‌ಗ್ರೇಡ್. ಆದರೆ ಮೊದಲು ಕೀಲುಗಳ ಸೀಲಂಟ್ ಸರಿಮಾಡಿ, ಆಮೇಲೆ ಬಣ್ಣ ಬಳಿಯಬೇಕು. ಬಿರುಕಿನ ಮೇಲೆ ಬಣ್ಣ ಬಳಿದರೆ ಬಿರುಕು ಮರೆಯಾಗುತ್ತದೆಯೇ ಹೊರತು ಮುಚ್ಚುವುದಿಲ್ಲ.

ಜನವರಿ 14ರ ಉತ್ತರಾಯಣದ ಗಾಳಿಪಟ ಹಬ್ಬ ಮುಗಿದ ಮೇಲೆ ಒಮ್ಮೆ ಛಾವಣಿ ನೋಡುವುದು ಒಳ್ಳೆಯದು. ಮಾಂಜಾ ದಾರ ಫ್ಯಾನಿನ ಕಿಂಡಿ, ಆಂಟೆನಾಗಳಿಗೆ ಸುತ್ತಿಕೊಂಡಿರಬಹುದು. ಬರಿಗೈಯಲ್ಲಿ ಎಳೆಯಬೇಡಿ, ಗಾಜಿನ ಪುಡಿ ಲೇಪಿಸಿದ ದಾರವಾಗಿದ್ದರೆ ಬೆರಳು ಕೊಯ್ಯುತ್ತದೆ.

ವಡೋದರಾ: ನೆರೆ ಬಂದರೆ ಏನು ಮಾಡಬೇಕು?

ವಡೋದರಾ ನಗರದ ನಡುವೆಯೇ ವಿಶ್ವಾಮಿತ್ರಿ ನದಿ ಹರಿಯುತ್ತದೆ. ಕಾಲಾ ಘೋಡಾ ಸೇತುವೆಯ ಬಳಿ ಇದರ ಅಪಾಯದ ಮಟ್ಟ 26 ಅಡಿ. 2019ರ ಜುಲೈ ಅಂತ್ಯದಲ್ಲಿ ಮತ್ತು 2024ರ ಆಗಸ್ಟ್‌ನಲ್ಲಿ ನದಿ ಈ ಮಟ್ಟ ಮೀರಿ ಹರಿದು ಬಡಾವಣೆಗಳಿಗೆ ನುಗ್ಗಿತ್ತು. ಪಾರ್ಕಿಂಗ್‌ನಲ್ಲಿದ್ದ ವಾಹನಗಳು ಮುಳುಗಿದ್ದವು.

ಕಾರಾದರೆ ಕೊನೆಯ ಗಳಿಗೆಯಲ್ಲೂ ಎತ್ತರದ ಜಾಗಕ್ಕೆ ಓಡಿಸಬಹುದು. ಟ್ರೇಲರ್‌ಗೆ ಆ ಅನುಕೂಲವಿಲ್ಲ. ಹಿಚ್‌ಗೆ ಸಿಕ್ಕಿಸಬೇಕು, ಕಾಲುಗಳನ್ನು ಎತ್ತಬೇಕು, ಕಿರಿದಾದ ಗಲ್ಲಿಯಿಂದ ಹೊರತೆಗೆಯಬೇಕು. ಹಾಗಾಗಿ ಜೂನ್ ಆರಂಭದಲ್ಲೇ ಎತ್ತರದ ಜಾಗ ಗೊತ್ತುಮಾಡಿಕೊಂಡು, ಮಳೆಗಾಲ ಪೂರ್ತಿ ಅಲ್ಲೇ ನಿಲ್ಲಿಸುವುದು ಉತ್ತಮ.

ಗಾಡಿ ನೀರಿನಲ್ಲಿ ಮುಳುಗಿದ್ದರೆ ಈ ಕ್ರಮ ಪಾಲಿಸಿ:

- ನೀರು ಇಳಿದ ತಕ್ಷಣ ಯಾವುದೇ ಸ್ವಿಚ್ ಹಾಕಬೇಡಿ. ಮೊದಲು ಬ್ಯಾಟರಿ ಸಂಪರ್ಕ ಮತ್ತು ಹೊರಗಿನ ವಿದ್ಯುತ್ ಸಂಪರ್ಕ ತೆಗೆಸಿ.
- ಸ್ವಚ್ಛಗೊಳಿಸುವ ಮುನ್ನ ನೀರಿನ ಗುರುತು ಕಾಣುವಂತೆ ಒಳಗೂ ಹೊರಗೂ ಫೋಟೊ, ವಿಡಿಯೊ ತೆಗೆದು ವಿಮಾ ಕಂಪನಿಗೆ ತಿಳಿಸಿ.
- ಚಕ್ರದ ಬೇರಿಂಗ್ ಬಿಚ್ಚಿಸಿ, ತೊಳೆದು, ಹೊಸ ಗ್ರೀಸ್ ತುಂಬಿಸದೆ ಗಾಡಿಯನ್ನು ದೂರ ಎಳೆಯಬೇಡಿ.
- ಗ್ಯಾಸ್ ರೆಗ್ಯುಲೇಟರ್ ಮತ್ತು ಪೈಪನ್ನು ಒಣಗಿಸಿ ಮತ್ತೆ ಬಳಸುವ ಬದಲು ಹೊಸದು ಹಾಕಿಸಿ.
- ನೆಲದ ಪ್ಲೈವುಡ್ ಮತ್ತು ಗೋಡೆಯೊಳಗಿನ ಫೋಮ್ ನೀರು ಕುಡಿದಿದ್ದರೆ ಒಳಗಿನ ಹಲಗೆಯನ್ನು ಬಿಚ್ಚಿ ಒಣಗಿಸಲೇಬೇಕು. ಹೊರಗೆ ಒಣಗಿದಂತೆ ಕಂಡರೂ ಒಳಗೆ ಕೊಳೆಯುತ್ತಿರುತ್ತದೆ.

ವಡೋದರಾದವರಿಗೆ ಇನ್ನೊಂದು ಎಚ್ಚರಿಕೆ. ವಿಶ್ವಾಮಿತ್ರಿಯಲ್ಲಿ ಮೊಸಳೆಗಳಿವೆ. ನೆರೆ ಬಂದಾಗ ಅವು ಜನವಸತಿ ಪ್ರದೇಶಕ್ಕೂ ಬಂದಿವೆ. ನೀರು ಇಳಿದ ಮೇಲೆ ಗಾಡಿಯ ಅಡಿಗೆ ನುಸುಳುವ ಮುನ್ನ ಟಾರ್ಚ್ ಹಾಕಿ ನೋಡಿ. ಹಾವು ಸೇರಿಕೊಂಡಿರುವ ಸಾಧ್ಯತೆಯೂ ಇರುತ್ತದೆ.

ಸೂರತ್: ತುಕ್ಕು ಮತ್ತು ಬೂಷ್ಟು

ಸೂರತ್‌ಗೆ ಡುಮಸ್, ಹಜೀರಾ ಕಡೆಯ ಸಮುದ್ರ ಹತ್ತಿರ. ಉಪ್ಪಿನಂಶವಿರುವ ತೇವದ ಗಾಳಿಗೆ ಮೊದಲು ಬಲಿಯಾಗುವುದು ಷಾಸಿಯ ವೆಲ್ಡಿಂಗ್ ಕೀಲುಗಳು, ನಟ್ಟು ಬೋಲ್ಟುಗಳು ಮತ್ತು ವಿದ್ಯುತ್ ಸಂಪರ್ಕದ ಪಿನ್ನುಗಳು.

ಬೀಚ್‌ಗೆ ಹೋಗಿಬಂದ ದಿನವೇ ಗಾಡಿಯ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಯಿರಿ. ಕಛ್‌ನ ಧೋರ್ಡೋದಲ್ಲಿ ನಡೆಯುವ ರಣ್ ಉತ್ಸವಕ್ಕೆ ಹೋಗಿಬಂದವರಿಗೂ ಇದು ಅನ್ವಯ. ಬಿಳಿ ಮರುಭೂಮಿಯ ಉಪ್ಪು ಸಮುದ್ರದ ಉಪ್ಪಿನಷ್ಟೇ ಅಪಾಯಕಾರಿ. ವರ್ಷಕ್ಕೊಮ್ಮೆ ತುಕ್ಕು ಉಜ್ಜಿ, ಸತುವಿನ ಅಂಶವಿರುವ ಪ್ರೈಮರ್ ಬಳಿದು ಮೇಲೆ ಬಣ್ಣ ಕೊಡಿಸಬೇಕು. ತುಕ್ಕಿನ ಮೇಲೆ ನೇರವಾಗಿ ಕಪ್ಪು ಬಣ್ಣ ಬಳಿಸಿದರೆ ಅದು ಒಳಗೊಳಗೇ ಹರಡುತ್ತದೆ.

ಅಲ್ಯೂಮಿನಿಯಂ ಹೊರಮೈಗೆ ಕಬ್ಬಿಣದ ಸ್ಕ್ರೂ ಹಾಕಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬಳಸಿದರೂ ನಡುವೆ ರಬ್ಬರ್ ಅಥವಾ ನೈಲಾನ್ ವಾಷರ್ ಇರಬೇಕು.

ಒಳಗಿನ ಬೂಷ್ಟಿಗೆ ಸುಲಭ ಪರಿಹಾರ ಗಾಳಿ. ಗಾಡಿ ನಿಂತಿರುವಾಗ ಕಪಾಟು, ಫ್ರಿಜ್ ಬಾಗಿಲು ತೆರೆದಿಡಿ. ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ. ಒಣ ಹವೆಯಿರುವ ದಿನ ಎರಡು ಗಂಟೆ ಕಿಟಕಿ ತೆರೆಯಿರಿ.

ಮಳೆನೀರು ಸೋರಿಕೆ: ಕ್ಯಾರವಾನ್‌ನ ದೊಡ್ಡ ಕಾಯಿಲೆ

ಯಾವ ಊರಿನಲ್ಲೇ ಇರಲಿ, ಕ್ಯಾರವಾನ್ ಆಯಸ್ಸು ನಿರ್ಧರಿಸುವುದು ಛಾವಣಿಯ ಸೀಲಂಟ್. ಫ್ಯಾನಿನ ಕಿಂಡಿ, ಎಸಿ, ಸೋಲಾರ್ ಫಲಕದ ಕಾಲು, ಅಂಚಿನ ಪಟ್ಟಿ ಹೀಗೆ ಛಾವಣಿಯಲ್ಲಿ ರಂಧ್ರ ಕೊರೆದ ಪ್ರತಿ ಜಾಗವೂ ನೀರಿಗೆ ಬಾಗಿಲು. ಬಿಸಿಲಿಗೆ ಒಣಗಿದ ಸೀಲಂಟ್ ಬಿರಿಯುತ್ತದೆ, ಮೊದಲ ಮಳೆಗೆ ನೀರು ಇಳಿಯುತ್ತದೆ.

ವರ್ಷಕ್ಕೆ ಎರಡು ಬಾರಿ, ಮೇ ಕೊನೆಯಲ್ಲಿ ಮತ್ತು ಅಕ್ಟೋಬರ್‌ನಲ್ಲಿ, ಏಣಿ ಹಾಕಿ ಛಾವಣಿ ಪರೀಕ್ಷಿಸಿ. ಒಳಗಿನಿಂದ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗಿದ್ದರೆ, ಕಂದು ಕಲೆ ಇದ್ದರೆ, ಹಸಿ ಮಣ್ಣಿನ ವಾಸನೆ ಬಂದರೆ ನೀರು ಇಳಿದಿದೆ ಎಂದೇ ಅರ್ಥ.

ಸಾಮಾನ್ಯ ಸಿಲಿಕಾನ್ ಬೇಡ. ಒಮ್ಮೆ ಸಿಲಿಕಾನ್ ಮೆತ್ತಿದ ಜಾಗದಲ್ಲಿ ಮುಂದೆ ಬೇರೆ ಯಾವ ಸೀಲಂಟೂ ಸರಿಯಾಗಿ ಅಂಟುವುದಿಲ್ಲ. ಹಳೆಯದನ್ನು ಪೂರ್ತಿ ಕೆರೆದು ತೆಗೆದು, ಬ್ಯೂಟೈಲ್ ಟೇಪ್ ಮತ್ತು ಪಾಲಿಯುರೆಥೇನ್ ಸೀಲಂಟ್ ಬಳಸುವುದು ಸರಿಯಾದ ವಿಧಾನ.

ಅಪ್‌ಗ್ರೇಡ್‌ಗೆ ಮುನ್ನ ತೂಕದ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಕ್ಯಾರವಾನ್‌ಗೆ ಚೆನ್ನಾಗಿ ಒಪ್ಪುತ್ತದೆ. ಪ್ರತಿ ಟ್ರೇಲರ್‌ಗೂ ಗರಿಷ್ಠ ಒಟ್ಟು ತೂಕ ನಿಗದಿಯಾಗಿರುತ್ತದೆ. ಅದರಿಂದ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದಷ್ಟೇ ನಿಮ್ಮ ಪಾಲು.

ಉದಾಹರಣೆಗೆ ಗರಿಷ್ಠ ತೂಕ 1500 ಕೆ.ಜಿ., ಖಾಲಿ ತೂಕ 1200 ಕೆ.ಜಿ. ಇದೆ ಎಂದುಕೊಳ್ಳಿ. ಉಳಿಯುವುದು 300 ಕೆ.ಜಿ. ಅದರಲ್ಲಿ:

- 100 ಲೀಟರ್ ನೀರು: 100 ಕೆ.ಜಿ.
- 5 ಕೆ.ಜಿ.ಯ ಎರಡು ಗ್ಯಾಸ್ ಸಿಲಿಂಡರ್, ಸಿಲಿಂಡರ್ ತೂಕ ಸೇರಿ: ಸುಮಾರು 25 ಕೆ.ಜಿ.
- ಮನೆ ಇನ್ವರ್ಟರ್‌ಗೆ ಬಳಸುವಂಥ ಒಂದು ದೊಡ್ಡ ಟ್ಯೂಬುಲರ್ ಬ್ಯಾಟರಿ: ಸುಮಾರು 55 ಕೆ.ಜಿ.
- ಛಾವಣಿಯ ಎಸಿ: ಸುಮಾರು 35 ಕೆ.ಜಿ.
- ಸೋಲಾರ್ ಫಲಕ ಮತ್ತು ಚೌಕಟ್ಟು: ಸುಮಾರು 25 ಕೆ.ಜಿ.

ಇಷ್ಟಕ್ಕೇ 240 ಕೆ.ಜಿ. ಆಯಿತು. ಬಟ್ಟೆ, ಪಾತ್ರೆ, ದಿನಸಿ, ಕುರ್ಚಿ, ಮಕ್ಕಳ ಸೈಕಲ್ ಎಲ್ಲಕ್ಕೂ ಉಳಿದದ್ದು ಬರೀ 60 ಕೆ.ಜಿ. ಹಾಗಾಗಿ ಅಪ್‌ಗ್ರೇಡ್ ಮಾಡಿಸುವ ಮುನ್ನ ಮತ್ತು ನಂತರ, ಲಾರಿಗಳನ್ನು ತೂಗುವ ವೇ ಬ್ರಿಡ್ಜ್‌ನಲ್ಲಿ ಗಾಡಿ ತೂಗಿಸಿ. ಎಳೆಯುವ ಕಾರಿನ ಸಾಮರ್ಥ್ಯವನ್ನು ಅದರ ಮಾಲೀಕರ ಕೈಪಿಡಿಯಲ್ಲಿ ನೋಡಿ.

ತೂಕ ಎಲ್ಲಿ ಕೂರುತ್ತದೆ ಎಂಬುದೂ ಅಷ್ಟೇ ಮುಖ್ಯ. ಭಾರವಾದ ವಸ್ತುಗಳು ಆಕ್ಸಲ್ ಸಮೀಪ, ನೆಲಮಟ್ಟದಲ್ಲಿರಬೇಕು. ಹಿಂಭಾಗದಲ್ಲಿ ಭಾರ ಹೆಚ್ಚಾದರೆ ವೇಗ ಏರಿದಂತೆ ಟ್ರೇಲರ್ ಬಾಲ ಅಲ್ಲಾಡಿಸಲು ತೊಡಗುತ್ತದೆ, ಕಾರನ್ನೂ ಪಲ್ಟಿ ಮಾಡಬಲ್ಲದು. ಹಿಚ್ ಮೇಲೆ ಬೀಳುವ ಭಾರ ಒಟ್ಟು ತೂಕದ ಶೇ 10ರಿಂದ 15 ಇರಬೇಕು ಎಂಬುದು ಅಮೆರಿಕದ ರೂಢಿ. ಯುರೋಪಿನ ಹಗುರ ಗಾಡಿಗಳಲ್ಲಿ ಇದು ಶೇ 5ರಿಂದ 7. ಕಾರಿನ ಹಿಚ್ ಎಷ್ಟು ತಾಳುತ್ತದೆ ಎಂಬುದನ್ನು ಮೀರುವಂತಿಲ್ಲ.

ಸೋಲಾರ್ ಹಾಕಿಸಿದರೆ ಎಸಿ ಓಡುತ್ತದೆಯೇ?

ಮಾಲೀಕರು ಹೆಚ್ಚು ಕೇಳುವ ಪ್ರಶ್ನೆ ಇದು. ಲೆಕ್ಕ ಸರಳ.

400 ವಾಟ್ ಸೋಲಾರ್ ಫಲಕಕ್ಕೆ ದಿನಕ್ಕೆ ಸುಮಾರು 5 ಗಂಟೆ ಪೂರ್ಣ ಬಿಸಿಲು ಸಿಕ್ಕಿತು, ನಷ್ಟ ಕಳೆದು ಶೇ 75 ಕೈಗೆ ಬಂತು ಎಂದರೆ ಸಿಗುವುದು 1.5 ಯೂನಿಟ್ ವಿದ್ಯುತ್. ಬಿಸಿಲು ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚು ಎಂಬುದು ತಪ್ಪು ತಿಳಿವಳಿಕೆ. ಫಲಕದ ತಾಪಮಾನ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಸುಮಾರು ಶೇ 0.4ರಷ್ಟು ಉತ್ಪಾದನೆ ಕುಸಿಯುತ್ತದೆ. ಮೇ ತಿಂಗಳ ಮಧ್ಯಾಹ್ನ ಫಲಕ 65 ಡಿಗ್ರಿಗೆ ಕಾದರೆ ಶೇ 16ರಷ್ಟು ನಷ್ಟ. ಫಲಕ ಮತ್ತು ಛಾವಣಿಯ ನಡುವೆ ಗಾಳಿಯಾಡಲು ಕೆಲವು ಇಂಚು ಜಾಗ ಬಿಡಬೇಕು ಎನ್ನುವುದು ಇದಕ್ಕೇ. ದೂಳು ಕೂತರೂ ಉತ್ಪಾದನೆ ಇಳಿಯುತ್ತದೆ, ವಾರಕ್ಕೊಮ್ಮೆ ಒರೆಸಿ.

ಇನ್ನು ಖರ್ಚು. ಒಂದು ಟನ್ ಎಸಿ ಸರಾಸರಿ 700 ವಾಟ್‌ನಂತೆ ರಾತ್ರಿ 8 ಗಂಟೆ ಓಡಿದರೆ 5.6 ಯೂನಿಟ್. 12.8 ವೋಲ್ಟ್, 100 ಆಂಪಿಯರ್ ಅವರ್‌ನ ಒಂದು ಲಿಥಿಯಂ ಬ್ಯಾಟರಿಯಲ್ಲಿ ಇರುವುದು 1.28 ಯೂನಿಟ್. ಅಂದರೆ ಒಂದು ರಾತ್ರಿಗೆ ಕನಿಷ್ಠ ಐದು ಬ್ಯಾಟರಿ, ಅವನ್ನು ತುಂಬಿಸಲು ಇಂಥ ನಾಲ್ಕು ಫಲಕ ಬೇಕು. ಸಣ್ಣ ಟ್ರೇಲರ್‌ನ ಛಾವಣಿಯಲ್ಲಿ ಅಷ್ಟು ಜಾಗವೇ ಇರುವುದಿಲ್ಲ.

ಹಾಗಾಗಿ ಸೋಲಾರನ್ನು ದೀಪ, ಫ್ಯಾನ್, ಮೊಬೈಲ್ ಚಾರ್ಜಿಂಗ್, ನೀರಿನ ಪಂಪ್ ಮತ್ತು 12 ವೋಲ್ಟ್ ಫ್ರಿಜ್‌ಗೆ ಮೀಸಲಿಟ್ಟು, ಎಸಿಗೆ ತಂಗುವ ಜಾಗದ ವಿದ್ಯುತ್ ಸಂಪರ್ಕ ಬಳಸುವುದು ವಾಸ್ತವಿಕ. 30 ವಾಟ್‌ನ ಬಿಎಲ್‌ಡಿಸಿ ಫ್ಯಾನ್ ರಾತ್ರಿಯಿಡೀ ತಿರುಗಿದರೂ ಕಾಲು ಯೂನಿಟ್ ಸಾಕು.

ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ 80ರವರೆಗೆ ಬಳಸಬಹುದು, ತೂಕವೂ ಬಹಳ ಕಡಿಮೆ. ಆದರೆ ಬ್ಯಾಟರಿ ನಿರ್ವಹಣಾ ವ್ಯವಸ್ಥೆ (ಬಿಎಂಎಸ್) ಇಲ್ಲದ, ಬಿಡಿ ಸೆಲ್ ಜೋಡಿಸಿದ ಅಗ್ಗದ ಪ್ಯಾಕ್ ಬೇಡವೇ ಬೇಡ. 12 ವೋಲ್ಟ್‌ನಲ್ಲಿ 1000 ವಾಟ್ ಎಂದರೆ 83 ಆಂಪಿಯರ್ ಕರೆಂಟ್ ಹರಿಯುತ್ತದೆ. ತೆಳು ತಂತಿ ಹಾಕಿದರೆ ಅದೇ ಹೀಟರ್ ಆಗುತ್ತದೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ಹೊರಗಿನ ವಿದ್ಯುತ್ ಪಡೆಯುವ ಕಡೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಕಡ್ಡಾಯ ಎಂದುಕೊಳ್ಳಿ.

ಗ್ಯಾಸ್, ಜನರೇಟರ್: ಜೀವಕ್ಕೆ ಕುತ್ತು ತರುವ ಎರಡು ತಪ್ಪು

2024ರ ಡಿಸೆಂಬರ್ 23ರಂದು ಕೇರಳದ ಕೋಝಿಕ್ಕೋಡ್ ಜಿಲ್ಲೆಯ ವಡಕರ ಬಳಿ ರಸ್ತೆ ಬದಿ ನಿಂತಿದ್ದ ಕ್ಯಾರವಾನ್‌ನಲ್ಲಿ ಇಬ್ಬರ ಶವ ಪತ್ತೆಯಾಗಿತ್ತು. ಜನರೇಟರ್ ಹೊಗೆಯಲ್ಲಿದ್ದ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿದ್ದೇ ಸಾವಿಗೆ ಕಾರಣ ಎಂಬುದು ತನಿಖೆಯಲ್ಲಿ ಕಂಡುಬಂತು. ಕೋಝಿಕ್ಕೋಡ್‌ನ ಎನ್‌ಐಟಿ ತಜ್ಞರು ಅದೇ ವಾಹನದಲ್ಲಿ ಪರೀಕ್ಷೆ ನಡೆಸಿ, ನೆಲದಲ್ಲಿದ್ದ ರಂಧ್ರದ ಮೂಲಕ ಅನಿಲ ಒಳಬಂದದ್ದನ್ನು ಗುರುತಿಸಿದ್ದರು.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎಸಿ ಹಾಕಿ, ಬಾಗಿಲು ಮುಚ್ಚಿ ಮಲಗಿದವರಿಗೆ ಗೊತ್ತಾಗುವುದೇ ಇಲ್ಲ. ಹೊಸ ತಂತಿ, ಪೈಪ್ ಎಳೆಯಲು ನೆಲದಲ್ಲಿ ಕೊರೆದ ರಂಧ್ರಗಳನ್ನು ಮುಚ್ಚದೆ ಬಿಡುವುದು ಅಪ್‌ಗ್ರೇಡ್ ವೇಳೆ ಆಗುವ ಸಾಮಾನ್ಯ ನಿರ್ಲಕ್ಷ್ಯ. ಅಂಥ ಪ್ರತಿ ರಂಧ್ರವನ್ನೂ ಮುಚ್ಚಿಸಿ. ಮಲಗುವಾಗ ಜನರೇಟರ್ ಓಡಿಸಬೇಡಿ. ಒಳಗೆ ಇದ್ದಿಲ ಒಲೆ, ಸಿಗ್ಡಿ ಹಚ್ಚಬೇಡಿ. ಮಲಗುವ ಎತ್ತರದಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಅಳವಡಿಸಿ. ಬೇರೆಲ್ಲ ಅಪ್‌ಗ್ರೇಡ್‌ಗಿಂತ ಮೊದಲು ಹಣ ಹಾಕಬೇಕಾದದ್ದು ಇದಕ್ಕೆ.

ಅಡುಗೆ ಅನಿಲದ ವಿಷಯದಲ್ಲಿ ನೆನಪಿಡಬೇಕಾದ್ದು, ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಶೇಖರವಾಗುತ್ತದೆ. ಆದ್ದರಿಂದ ಗ್ಯಾಸ್ ಡಿಟೆಕ್ಟರ್ ನೆಲದ ಹತ್ತಿರ ಇರಬೇಕು. ಸಿಲಿಂಡರ್ ಇಡುವ ಪೆಟ್ಟಿಗೆಗೆ ಹೊರಗಿನಿಂದ ಮಾತ್ರ ಬಾಗಿಲು, ತಳದಲ್ಲಿ ಗಾಳಿ ಹೋಗುವ ಕಿಂಡಿ ಇರಬೇಕು. ಗಾಡಿ ಚಲಿಸುವಾಗ ರೆಗ್ಯುಲೇಟರ್ ಬಂದ್ ಮಾಡಿ. ಐಎಸ್‌ಐ ಗುರುತಿನ ಸುರಕ್ಷಾ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಿ. ಸೋರಿಕೆ ಪತ್ತೆಗೆ ಸೋಪಿನ ನೊರೆ ಬಳಸಿ, ಬೆಂಕಿಕಡ್ಡಿ ಗೀರಬೇಡಿ. ಎಲ್‌ಪಿಜಿ ಸೋರಿಕೆಯ ತುರ್ತು ಸಹಾಯವಾಣಿ 1906. ಬಾಗಿಲ ಬಳಿ 2 ಕೆ.ಜಿ.ಯ ಎಬಿಸಿ ಪೌಡರ್ ಅಗ್ನಿಶಾಮಕ ಇರಲಿ.

ನೀರು ಮತ್ತು ಶೌಚ

ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ನೀರನ್ನು ಹಾಗೇ ಬಳಸಬೇಡಿ. ಶೇ 5ರ ಸಾದಾ ಬ್ಲೀಚ್ ದ್ರಾವಣವನ್ನು ಲೀಟರಿಗೆ 1 ಮಿ.ಲೀ. ಲೆಕ್ಕದಲ್ಲಿ ಬೆರೆಸಿ, ಎಲ್ಲ ನಲ್ಲಿಗಳಲ್ಲಿ ಹರಿಸಿ, 4 ಗಂಟೆ ಬಿಟ್ಟು, ವಾಸನೆ ಹೋಗುವವರೆಗೆ ಸಿಹಿನೀರಿನಲ್ಲಿ ತೊಳೆಯಿರಿ. ಗಡಸು ಬೋರ್‌ವೆಲ್ ನೀರು ತುಂಬಿಸಿದ್ದರೆ ಗೀಸರ್ ಮತ್ತು ನಲ್ಲಿಗಳಲ್ಲಿ ಬಿಳಿ ಪದರ ಕಟ್ಟುತ್ತದೆ. ಅದನ್ನು ಸಿಟ್ರಿಕ್ ಆಸಿಡ್ ದ್ರಾವಣದಿಂದ ತೆಗೆಯಬಹುದು.

ಶೌಚದ ಕ್ಯಾಸೆಟ್ ಮತ್ತು ಪಾತ್ರೆ ತೊಳೆದ ನೀರನ್ನು ರಸ್ತೆ ಬದಿ, ಚರಂಡಿ, ಹೊಲಗಳಿಗೆ ಬಿಡಬಾರದು. ಒಳಚರಂಡಿ ಸಂಪರ್ಕವಿರುವ ಶೌಚಾಲಯದಲ್ಲೇ ಖಾಲಿ ಮಾಡಬೇಕು. 2023ರ ಸ್ವಚ್ಛ ಸರ್ವೇಕ್ಷಣದಲ್ಲಿ ಇಂದೋರ್ ಜೊತೆ ಮೊದಲ ಸ್ಥಾನ ಹಂಚಿಕೊಂಡ ನಗರ ಸೂರತ್ ಎಂಬುದು ಪ್ರವಾಸಿಗರಿಗೆ ನೆನಪಿರಲಿ.

ಕಾನೂನು ಏನು ಹೇಳುತ್ತದೆ?

- ನೋಂದಣಿ: ಎಂಜಿನ್ ಇಲ್ಲದಿದ್ದರೂ ಟ್ರೇಲರ್‌ಗೆ ನೋಂದಣಿ ಬೇಕು. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಅಥವಾ ಟ್ರೇಲರ್ ಅನ್ನು ಕೇಂದ್ರ ಸರ್ಕಾರದ 2004ರ ಅಧಿಸೂಚನೆ ಸಾರಿಗೆಯೇತರ ವಾಹನಗಳ ಪಟ್ಟಿಯಲ್ಲಿ ಸೇರಿಸಿದೆ. ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ.
- ನಂಬರ್ ಪ್ಲೇಟ್: ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 61ರ ಪ್ರಕಾರ ಟ್ರೇಲರ್‌ನ ನಂಬರ್ ಅದರ ಬದಿಯಲ್ಲಿ, ಎಳೆಯುವ ವಾಹನದ ನಂಬರ್ ಕೂಡ ಟ್ರೇಲರ್ ಮೇಲೆ ಕಾಣುವಂತಿರಬೇಕು.
- ಮಾರ್ಪಾಡು: ಸೆಕ್ಷನ್ 52ರ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕೆ ಭಿನ್ನವಾಗುವಂತೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಉಲ್ಲಂಘಿಸಿದ ಮಾಲೀಕರಿಗೆ ಸೆಕ್ಷನ್ 182ಎ ಅಡಿ 6 ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡೂ. ಷಾಸಿ, ಆಕ್ಸಲ್, ಗಾಡಿಯ ಉದ್ದ ಅಥವಾ ಎತ್ತರಕ್ಕೆ ಕೈಹಾಕುವ ಮುನ್ನ ಆರ್‌ಟಿಒ ಅನುಮತಿ ಪಡೆಯಿರಿ.
- ವಿಮೆ: ಕಾರಿಗೆ ವಿಮೆ ಇದೆ ಎಂದು ಸುಮ್ಮನಿರಬೇಡಿ. ಟ್ರೇಲರ್ ಅನ್ನು ಪಾಲಿಸಿಯಲ್ಲಿ ಪ್ರತ್ಯೇಕವಾಗಿ ನಮೂದಿಸಿರಬೇಕು. ಆಮೇಲೆ ಅಳವಡಿಸಿದ ಸೋಲಾರ್, ಬ್ಯಾಟರಿ, ಎಸಿಯ ವಿವರವನ್ನೂ ಬಿಲ್ ಸಮೇತ ವಿಮಾ ಕಂಪನಿಗೆ ತಿಳಿಸಿ.
- ಬೇರೆ ರಾಜ್ಯ: ಗುಜರಾತ್ ನೋಂದಣಿಯ ಗಾಡಿಯನ್ನು ಕರ್ನಾಟಕದಲ್ಲಿ 12 ತಿಂಗಳಿಗಿಂತ ಹೆಚ್ಚು ಇರಿಸಿಕೊಂಡರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು.
- ಮದ್ಯ: ಗುಜರಾತ್‌ನಲ್ಲಿ ಪಾನನಿಷೇಧ ಜಾರಿಯಲ್ಲಿದೆ. ಕರ್ನಾಟಕದಿಂದ ಹೊರಡುವವರು ಗಾಡಿಯ ಫ್ರಿಜ್ ಒಮ್ಮೆ ನೋಡಿಕೊಳ್ಳುವುದು ಒಳಿತು. ಪರವಾನಗಿ ಇಲ್ಲದೆ ಮದ್ಯ ಒಯ್ಯುವುದು ಅಪರಾಧ.

ಕೆಲಸ ಎಲ್ಲಿ ಮಾಡಿಸಬಹುದು?

ಟ್ರೇಲರ್ ರಿಪೇರಿಗೆಂದೇ ಇರುವ ಗ್ಯಾರೇಜ್ ಹುಡುಕುತ್ತ ಕೂರಬೇಕಿಲ್ಲ. ಕೆಲಸವನ್ನು ಬಿಡಿಬಿಡಿಯಾಗಿ ಹಂಚಿದರೆ ಸಾಕು. ಷಾಸಿ, ವೆಲ್ಡಿಂಗ್ ಮತ್ತು ಫೈಬರ್ ಕೆಲಸಕ್ಕೆ ಅಹಮದಾಬಾದ್‌ನ ವಟ್ವಾ, ನರೋಡಾ, ಓಢವ್, ವಡೋದರಾದ ಮಕರಪುರ, ಸೂರತ್‌ನ ಪಾಂಡೇಸರಾ, ಸಚಿನ್ ಕೈಗಾರಿಕಾ ಪ್ರದೇಶಗಳಲ್ಲಿ ವಿಚಾರಿಸಬಹುದು. ಪರದೆ, ಸೀಟಿನ ಬಟ್ಟೆಗೆ ಸೂರತ್‌ನ ರಿಂಗ್ ರೋಡ್ ಜವಳಿ ಮಾರುಕಟ್ಟೆ ಇದ್ದೇ ಇದೆ. ಬೇರಿಂಗ್, ಬ್ರೇಕ್ ಕೆಲಸಕ್ಕೆ ಟ್ರೇಲರ್ ಆಕ್ಸಲ್ ಬಲ್ಲ ಮೆಕ್ಯಾನಿಕ್ ಬೇಕು. ಗ್ಯಾಸ್ ಮತ್ತು 230 ವೋಲ್ಟ್ ಕೆಲಸವನ್ನು ಮಾತ್ರ ಅನುಭವವಿರುವ, ಬಿಲ್ ಕೊಡುವವರಿಂದಲೇ ಮಾಡಿಸಿ.

ಹೊರಡುವ ಮುನ್ನ 10 ನಿಮಿಷ

1. ಹಿಚ್ ಬಾಲ್ ಮೇಲೆ ಕೊಂಡಿ ಪೂರ್ತಿ ಕೂತು ಲಾಕ್ ಆಗಿದೆಯೇ ನೋಡಿ.
2. ಸುರಕ್ಷತಾ ಸರಪಳಿಗಳನ್ನು ಅಡ್ಡಡ್ಡ ದಾಟಿಸಿ ಸಿಕ್ಕಿಸಿ.
3. ಬ್ರೇಕ್ ಲೈಟ್, ಇಂಡಿಕೇಟರ್, ಹಿಂಬದಿ ದೀಪ ಪರೀಕ್ಷಿಸಿ.
4. ಟೈರ್ ಗಾಳಿ ನೋಡಿ, ವೀಲ್ ನಟ್ ಬಿಗಿ ಮಾಡಿ. ಚಕ್ರ ಬಿಚ್ಚಿ ಹಾಕಿದ್ದರೆ 50ರಿಂದ 100 ಕಿ.ಮೀ. ನಂತರ ಮತ್ತೊಮ್ಮೆ ಬಿಗಿ ಮಾಡಿ.
5. ಗ್ಯಾಸ್ ಬಂದ್, ಕಿಟಕಿ, ಛಾವಣಿಯ ಕಿಂಡಿ ಬಂದ್, ಕಾಲುಗಳು ಮೇಲೆ, ಮೆಟ್ಟಿಲು ಒಳಗೆ.
6. ಟ್ರೇಲರ್ ಒಳಗೆ ಯಾರೂ ಇಲ್ಲ ಎಂದು ಖಚಿತಪಡಿಸಿಕೊಳ್ಳಿ. ಚಲಿಸುವ ಟ್ರೇಲರ್‌ನಲ್ಲಿ ಮಕ್ಕಳನ್ನು ಮಲಗಿಸುವುದು ಪ್ರಾಣಾಪಾಯ.

ವರ್ಷದ ವೇಳಾಪಟ್ಟಿ

- ಫೆಬ್ರುವರಿ–ಮಾರ್ಚ್: ಬ್ಯಾಟರಿ, ಫ್ಯಾನ್, ಎಸಿ ತಪಾಸಣೆ. ಟೈರ್‌ಗೆ ಹೊದಿಕೆ.
- ಮೇ ಕೊನೆ: ಛಾವಣಿ ಸೀಲಂಟ್, ಷಾಸಿಗೆ ಬಣ್ಣ, ಎತ್ತರದ ಪಾರ್ಕಿಂಗ್ ವ್ಯವಸ್ಥೆ, ವಿಮೆ ನವೀಕರಣ.
- ಜೂನ್–ಸೆಪ್ಟೆಂಬರ್: 15 ದಿನಕ್ಕೊಮ್ಮೆ ಒಳಗೆ ತೇವ, ಬೂಷ್ಟು, ಇಲಿ ಕಡಿದ ತಂತಿ ಇದೆಯೇ ಎಂದು ಪರಿಶೀಲನೆ.
- ಅಕ್ಟೋಬರ್: ಬೇರಿಂಗ್‌ಗೆ ಹೊಸ ಗ್ರೀಸ್, ಬ್ರೇಕ್ ಹೊಂದಾಣಿಕೆ, ನೀರಿನ ಟ್ಯಾಂಕ್ ಶುದ್ಧೀಕರಣ, ಗ್ಯಾಸ್ ಸೋರಿಕೆ ಪರೀಕ್ಷೆ.
- ನವೆಂಬರ್–ಫೆಬ್ರುವರಿ: ಪ್ರವಾಸಕ್ಕೆ ಸೂಕ್ತ ಕಾಲ. ವಡೋದರಾದಿಂದ ಏಕತಾ ನಗರದ ಏಕತಾ ಪ್ರತಿಮೆ, ಅಹಮದಾಬಾದ್‌ನಿಂದ ಕಛ್, ಸೂರತ್‌ನಿಂದ ಸಾಪುತಾರಾ ಗಿರಿಧಾಮಕ್ಕೆ ಹೋಗಬಹುದು.

ಪದೇ ಪದೇ ಕೇಳುವ ಪ್ರಶ್ನೆಗಳು

ಟ್ರೇಲರ್ ಎಳೆಯುವಾಗ ಎಷ್ಟು ವೇಗ ಸುರಕ್ಷಿತ?
ಬ್ರಿಟನ್‌ನಲ್ಲಿ ಮೋಟಾರ್‌ವೇಗಳಲ್ಲೂ ಕ್ಯಾರವಾನ್ ಎಳೆಯುವ ಕಾರಿಗೆ ಗಂಟೆಗೆ 60 ಮೈಲಿ, ಅಂದರೆ ಸುಮಾರು 96 ಕಿ.ಮೀ. ಮಿತಿ ಇದೆ. ನಮ್ಮ ಹೆದ್ದಾರಿಗಳ ದಟ್ಟಣೆ ಗಮನಿಸಿದರೆ 80 ಕಿ.ಮೀ. ಒಳಗಿರುವುದು ಕ್ಷೇಮ. ಸ್ಥಳೀಯ ವೇಗಮಿತಿ ಅದಕ್ಕಿಂತ ಕಡಿಮೆ ಇದ್ದರೆ ಅದನ್ನೇ ಪಾಲಿಸಿ.

ಗಾಡಿ ಬಾಲ ಅಲ್ಲಾಡಿಸತೊಡಗಿದರೆ?
ಗಟ್ಟಿಯಾಗಿ ಬ್ರೇಕ್ ಒತ್ತಬೇಡಿ, ಸ್ಟೀರಿಂಗ್ ಅತ್ತಿತ್ತ ತಿರುಗಿಸಬೇಡಿ, ವೇಗ ಹೆಚ್ಚಿಸಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು ವೇಗ ತಾನಾಗಿ ಇಳಿಯಲು ಬಿಡಿ. ನಿಲ್ಲಿಸಿದ ಮೇಲೆ ಒಳಗಿನ ಭಾರವನ್ನು ಸರಿಯಾಗಿ ಹಂಚಿ.

ಸಾಪುತಾರಾದಂಥ ಘಾಟಿಯಲ್ಲಿ ಇಳಿಯುವುದು ಹೇಗೆ?
ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರ್‌ಗೆ ಬನ್ನಿ. ಉದ್ದಕ್ಕೂ ಬ್ರೇಕ್ ಒತ್ತಿ ಹಿಡಿದರೆ ಅದು ಕಾದು ಹಿಡಿತ ತಪ್ಪುತ್ತದೆ. ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಅಥವಾ ಅಡ್ಡಗಟ್ಟೆ ಕೊಟ್ಟು ತಣಿಯಲು ಬಿಡಿ. ನೀರು ಸುರಿಯಬೇಡಿ.

ಕೈಯಲ್ಲಿ ಸ್ವಲ್ಪವೇ ಹಣವಿದೆ, ಮೊದಲು ಯಾವುದಕ್ಕೆ ಖರ್ಚು ಮಾಡಬೇಕು?
ಕಾರ್ಬನ್ ಮೊನಾಕ್ಸೈಡ್ ಮತ್ತು ಗ್ಯಾಸ್ ಅಲಾರಂ, ಅಗ್ನಿಶಾಮಕ, ಆನಂತರ ಟೈರ್, ಬೇರಿಂಗ್, ಬ್ರೇಕ್, ಛಾವಣಿಯ ಸೀಲಂಟ್. ಇವೆಲ್ಲ ಸರಿಯಿದ್ದ ಮೇಲೆ ಸೋಲಾರ್, ಫ್ರಿಜ್, ಎಸಿಯ ಯೋಚನೆ.